ಒಬ್ಬೊಬ್ಬರೇ ನುಡಿಸಿದರೆ ಚೆನ್ನ, ಒಟ್ಟಿಗೆ ಕೂತರೆ ಚೆಲ್ಲಾಪಿಲ್ಲಿ: ಏನು ಮಾಡೋದು?

ಸಪಸಪ
ಎಲ್ಲರಿಗೂ ನಮಸ್ಕಾರ. ನಾನು ಪಿಟೀಲು ಪಾಠ ಮಾಡುತ್ತೇನೆ. ಈಗ ಪಿಟೀಲು, ಕೊಳಲು, ವೀಣೆ, ಕೀಬೋರ್ಡ್, ಮೃದಂಗ ಕಲಿಯುವ ಮಕ್ಕಳನ್ನು ಸೇರಿಸಿ ಒಂದು ವಾದ್ಯವೃಂದ ಮಾಡೋಣ ಅಂತ ಹೊರಟಿದ್ದೇವೆ. ಒಬ್ಬೊಬ್ಬರನ್ನೇ ಕೇಳಿದರೆ ಏನೂ ತೊಂದರೆ ಇಲ್ಲ. ವರ್ಣವನ್ನು (ಅಭ್ಯಾಸಕ್ಕೂ ನುಡಿಸುವ ಒಂದು ಬಗೆಯ ಕೃತಿ) ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ನುಡಿಸುತ್ತಾರೆ, ತಾಳ ತಪ್ಪುವುದಿಲ್ಲ. ಎಲ್ಲರನ್ನೂ ಕೂರಿಸಿ ಶುರು ಮಾಡಿದರೆ ಪಲ್ಲವಿ ಮುಗಿಯುವಷ್ಟರಲ್ಲಿ ವೇಗ ಏರಿರುತ್ತದೆ. ಮುಕ್ತಾಯಿಸ್ವರಕ್ಕೆ (ವರ್ಣದ ಮೊದಲರ್ಧದ ಕೊನೆಯ ಸ್ವರಭಾಗ) ಬರುವಾಗ ಮೂರು ಗುಂಪುಗಳಾಗಿರುತ್ತವೆ. ನಾನು ಜೋರಾಗಿ ತಾಳ ಹಾಕಿದರೆ ಆ ಹೊತ್ತಿಗೆ ಸರಿಹೋಗುತ್ತದೆ. ಕೈ ನಿಲ್ಲಿಸಿದರೆ ಮತ್ತೆ ಅದೇ ಕಥೆ.

ಒಟ್ಟಿಗೆ ನುಡಿಸುವುದನ್ನು ಬೇರೆಯಾಗಿಯೇ ಕಲಿಸಬೇಕಾ? ಅಥವಾ ನುಡಿಸುತ್ತಾ ನುಡಿಸುತ್ತಾ ತಾನೇ ಬರುತ್ತದಾ?

ಲಯಪ್ರಿಯ
ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಯಂತ್ರ) ಹಾಕಿ. ಮುಗೀತು.

ಮಂದ್ರಪಂಚಮ
ಅಷ್ಟಕ್ಕೇ ಮುಗಿಯೋದಿಲ್ಲ ಸರ್. ಮೆಟ್ರೊನೋಮ್ ಹಾಕಿದರೆ ಎಲ್ಲರೂ ಆ ಟಿಕ್ ಟಿಕ್ ಕೇಳಿಸಿಕೊಳ್ಳುತ್ತಾರೆ, ಪಕ್ಕದವರನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೇಷ್ಟ್ರು ಜೋರಾಗಿ ತಾಳ ಹಾಕಿದಾಗ ಆಗಿದ್ದೂ ಇದೇ ಅಲ್ವಾ? ಹೊರಗಿನ ಆಸರೆ ತೆಗೆದ ಕೂಡಲೇ ಬೀಳುತ್ತಾರೆ.

ಹಾಕಲೇಬೇಕು ಅಂತಿದ್ದರೆ ಅಕ್ಷರಕ್ಕೊಂದು (ತಾಳದ ಒಂದೊಂದು ಎಣಿಕೆಗೆ) ಟಿಕ್ ಬೇಡ. ಆದಿತಾಳದ ಎಂಟು ಅಕ್ಷರಕ್ಕೆ ಒಂದೇ ಟಿಕ್, ಸಮಕ್ಕೆ (ತಾಳದ ಸುತ್ತು ಶುರುವಾಗುವ ಅಕ್ಷರಕ್ಕೆ) ಮಾತ್ರ. ನಡುವಿನ ಏಳನ್ನು ಮಕ್ಕಳೇ ಹೊರಬೇಕು.

ಲಯಪ್ರಿಯ
ನಿಮಿಷಕ್ಕೆ 80 ಅಕ್ಷರ ಅಂದರೆ ಸಮಕ್ಕೊಂದು ಟಿಕ್ ಲೆಕ್ಕದಲ್ಲಿ ನಿಮಿಷಕ್ಕೆ 10. ಅಷ್ಟು ನಿಧಾನ ಹೋಗುವ ಮೆಟ್ರೊನೋಮ್ ಎಲ್ಲಿದೆ ಸ್ವಾಮಿ? ಹಳೇ ಕೀಲಿ ಕೊಡುವ ಪೆಟ್ಟಿಗೆ 40ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ.

ಮಂದ್ರಪಂಚಮ
ಪೆಟ್ಟಿಗೆ ಬೇಡ, ಫೋನ್ ಆಪ್ ಸಾಕು. ಎಂಟು ಬೀಟ್ ಇಟ್ಟು ಏಳನ್ನು ಮ್ಯೂಟ್ ಮಾಡಿ. ಬಹಳಷ್ಟು ಆಪ್‌ಗಳಲ್ಲಿ ಬೀಟ್ ಮೇಲೆ ಒತ್ತಿದರೆ ಅದು ಮೌನವಾಗುತ್ತದೆ.

ತಕದಿಮಿ
ಮೃದಂಗದ ಮೇಷ್ಟ್ರು ಇಲ್ಲಿ. ಸಪಸಪ ಅವರೇ, ವೇಗ ಏರೋದು ನಿಮ್ಮ ಮಕ್ಕಳ ದೋಷ ಅಲ್ಲ. ಸುಮ್ನೆ ಕೈತಟ್ಟಿಸಿದರೂ ಹೀಗೇ ಆಗುತ್ತದೆ, ಪ್ರಯೋಗ ಮಾಡಿ ನೋಡಿದ್ದಾರೆ. ಒಂಟಿಯಾಗಿ ತಟ್ಟುವವರಿಗಿಂತ ಜೊತೆಯಾಗಿ ತಟ್ಟುವವರು ಜಾಸ್ತಿ ಓಡುತ್ತಾರೆ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ. ಒಬ್ಬ ಕೂದಲೆಳೆಯಷ್ಟು ಮುಂದೆ ಬಂದರೆ ಉಳಿದವರು "ಅಯ್ಯೋ, ನಾನು ಹಿಂದೆ ಬಿದ್ದೆ" ಅಂತ ಅವನ ಹಿಂದೆ ಓಡುತ್ತಾರೆ. ಹಿಂದೆ ಬಿದ್ದವನಿಗಾಗಿ ಯಾರೂ ಕಾಯುವುದಿಲ್ಲ. ಹೊಂದಾಣಿಕೆ ಒಂದೇ ದಿಕ್ಕಿಗೆ ನಡೆದರೆ ಕಾಲಪ್ರಮಾಣ ಏರದೆ ಇನ್ನೇನಾಗುತ್ತದೆ?

ನಾನು ಮಾಡಿಸುವುದು ಹೀಗೆ. ಎಲ್ಲರೂ ಒಂದು ಆವರ್ತ (ತಾಳದ ಒಂದು ಸುತ್ತು) ನುಡಿಸಬೇಕು. ಮುಂದಿನ ಆವರ್ತ ಪೂರ್ತಿ ಮೌನ. ಕೈಯಲ್ಲಿ ತಾಳ ಇಲ್ಲ, ಕಾಲು ಕುಟ್ಟುವ ಹಾಗಿಲ್ಲ, ತಲೆ ಆಡಿಸುವ ಹಾಗಿಲ್ಲ. ಮತ್ತೆ ಸಮಕ್ಕೆ ಎಲ್ಲರೂ ಒಟ್ಟಿಗೆ ಬರಬೇಕು. ಮೊದಲ ಸಲ ಪಟಾಕಿ ಸರದ ಹಾಗೆ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ನಗು ತಡೆಯೋಕಾಗಲ್ಲ. ನಗಲಿ ಬಿಡಿ. ಯಾರು ಮೊದಲು ಬಂದರು ಅನ್ನೋದು ಅವರಿಗೇ ಗೊತ್ತಾಗುತ್ತದೆ, ನೀವು ಹೇಳಬೇಕಾಗಿಲ್ಲ. ಅದು ಸರಿಹೋದ ಮೇಲೆ ಎರಡು ಆವರ್ತ ಮೌನ.

ಕೊಳಲುಕಿಂಡಿ
ಇದನ್ನು ನಾನೂ ಮಾಡಿಸುತ್ತೇನೆ. ಭಾಷಣಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಇಪ್ಪತ್ನಾಲ್ಕು ಮೆಟ್ಟಿಲು
ನಾನು ವೀಣೆ ಕಲಿಯುತ್ತಿರುವವಳು, ಟೀಚರ್ ಅಲ್ಲ. ಕಲಿಯುವವರ ಕಡೆಯಿಂದ ಒಂದು ಮಾತು ಹೇಳಲಾ?

ವೃಂದದಲ್ಲಿ ಪಿಟೀಲುಗಳ ನಡುವೆ ಕೂತರೆ ನನ್ನ ವೀಣೆ ನನಗೇ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಏನು ಮಾಡುತ್ತೇವೆ? ಜೋರಾಗಿ ಮೀಟುತ್ತೇವೆ. ಮೀಟು ಜೋರಾದರೆ ನಾದ ಒರಟಾಗುತ್ತದೆ, ಎಳೆಯುವ ಗಮಕ (ಸ್ವರದ ಓಲಾಟ) ಶ್ರುತಿ ಬಿಟ್ಟು ಹೋಗುತ್ತದೆ. ಆಗ ಮೇಷ್ಟ್ರು "ಕೇಳಿಸಿಕೊಂಡು ನುಡಿಸಿ" ಅಂತಾರೆ. ಏನನ್ನು ಕೇಳಿಸಿಕೊಳ್ಳಬೇಕು ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಮಂದ್ರಪಂಚಮ
ಸರಿಯಾಗಿ ಹೇಳಿದಿರಿ ಮೇಡಂ. "ಕೇಳಿಸಿಕೊಳ್ಳಿ" ಅನ್ನುವುದು ಪಾಠ ಅಲ್ಲ. "ಈ ಸಲ ಪಲ್ಲವಿಯಲ್ಲಿ ಕೊಳಲು ಎಲ್ಲಿ ಉಸಿರು ತಗೊಂಡಿತು?" ಅಂತ ಕೇಳಿ. "ಅನುಪಲ್ಲವಿಯಲ್ಲಿ ವೀಣೆ ತಾರಸ್ಥಾಯಿಗೆ ಹೋದಾಗ ಮೃದಂಗದಲ್ಲಿ ಏನು ಬಂತು?" ಅಂತ ಕೇಳಿ. ಉತ್ತರ ಕೊಡಬೇಕಾದರೆ ಕಿವಿ ತಾನೇ ಹೊರಗೆ ಹೋಗುತ್ತದೆ.

ಸದ್ದಿಗೆ ನಾನು ಇಟ್ಟುಕೊಂಡ ನಿಯಮ ಒಂದೇ. ವೀಣೆ ಯಾರಿಗೆ ಕೇಳಿಸುತ್ತಿಲ್ಲವೋ ಅವರೇ ಜೋರಾಗಿ ನುಡಿಸುತ್ತಿದ್ದಾರೆ. ಜಾಗ ಕೂಡ ಮುಖ್ಯ. ವೀಣೆ ಮುಂದೆ ನಡುವಿನಲ್ಲಿ, ಪಿಟೀಲು ಹಿಂದೆ. ಮೃದಂಗವನ್ನು ನೋಡೋಕೆ ಚೆಂದ ಅಂತ ಒಂದು ತುದಿಗೆ ಕೂರಿಸುತ್ತಾರೆ. ಇನ್ನೊಂದು ತುದಿಯಲ್ಲಿ ಇರುವವರ ಪಾಡೇನು? ಅರ್ಧಚಂದ್ರಾಕಾರದಲ್ಲಿ ಕೂತು, ಮೃದಂಗ ಮಧ್ಯದ ಹತ್ತಿರ ಬರಲಿ. ಸಾಲಾಗಿ ಕೂತು ಗೋಡೆ ನೋಡುತ್ತಾ ಅಭ್ಯಾಸ ಮಾಡುವುದನ್ನಂತೂ ಬಿಟ್ಟುಬಿಡಿ.

ಡೆಸಿಬಲ್ ದಾಸ
ಜಾಗದ ಬಗ್ಗೆ ಒಂದು ಲೆಕ್ಕ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆಯ ಎರಡು ತುದಿಗೆ 10 ಮೀಟರ್ ಅಂತರ ಇದ್ದರೆ ಮೃದಂಗದ ಪೆಟ್ಟು ಆ ಕಡೆಗೆ ತಲುಪೋಕೆ ಸುಮಾರು 29 ಮಿಲಿಸೆಕೆಂಡ್. ಅದನ್ನು ಕೇಳಿ ನುಡಿಸಿದವರ ಸ್ವರ ವಾಪಸ್ ಬರೋಕೆ ಇನ್ನೊಂದು 29. ಎರಡನೇ ಕಾಲದಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ದೂರ ಕೂತವರು ಕಿವಿಯನ್ನು ನಂಬಿದರೆ ಸದಾ ಹಿಂದೆ ಬೀಳುತ್ತಾರೆ. ಹತ್ತಿರ ಕೂರಿಸಿ, ಅಥವಾ ಕಣ್ಣಿನಿಂದ ಹಿಡಿಯೋದನ್ನು ಕಲಿಸಿ.

ಲಯಪ್ರಿಯ
ಆನ್‌ಲೈನ್‌ನಲ್ಲಿ ಒಟ್ಟಿಗೆ ನುಡಿಸೋಕಾಗದೇ ಇರೋದೂ ಇದಕ್ಕೇ ತಾನೇ?

ಡೆಸಿಬಲ್ ದಾಸ
ಹೌದು. ಒಂದು ಕಡೆಯ ವಿಳಂಬ 25-30 ಮಿಲಿಸೆಕೆಂಡ್ ದಾಟಿದರೆ ಒಟ್ಟಿಗೆ ನುಡಿಸೋದು ಕಷ್ಟ. ಮೀಟಿಂಗ್ ಆಪ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಜಾಕ್‌ಟ್ರಿಪ್ ಅಂತ ಒಂದು ಸಾಫ್ಟ್‌ವೇರ್ ಇದೆ, ಸಂಗೀತಕ್ಕೇ ಮಾಡಿದ್ದು. ಅದಕ್ಕೂ ವೈಫೈ ಸಾಲದು, ತಂತಿಯ ಸಂಪರ್ಕ ಬೇಕು. ಊರು ದೂರ ಇದ್ದಷ್ಟೂ ಅದೂ ಕೈಚೆಲ್ಲುತ್ತದೆ.

ಬೇಸೂರ
ನನಗೆ ಮೂಲ ಪ್ರಶ್ನೆಯೇ ಅರ್ಥ ಆಗಲಿಲ್ಲ. ನಮ್ಮದು ಮನೋಧರ್ಮದ (ಆಗಲೇ ಹೊಳೆದಂತೆ ಹಾಡುವ) ಸಂಗೀತ. ಒಬ್ಬ ಹಾಡುತ್ತಾನೆ, ಉಳಿದವರು ಜೊತೆ ಕೊಡುತ್ತಾರೆ. ಇಪ್ಪತ್ತು ಜನ ಒಂದೇ ವರ್ಣ ನುಡಿಸಿದರೆ ರಾಗದ ಸೂಕ್ಷ್ಮ ಎಲ್ಲಾ ಚಪ್ಪಟೆ. ಪಾಶ್ಚಾತ್ಯರನ್ನು ನೋಡಿ ವೃಂದ ಕಟ್ಟುವ ಚಟ ಯಾಕೆ?

ತಕದಿಮಿ
ಬೇಸೂರ ಅವರೇ, ಹಾಡುವವರು, ಪಿಟೀಲು, ಮೃದಂಗ, ಘಟ. ನಾಲ್ಕು ಜನ, ಒಂದು ತಾಳ, ಮುಂದೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಒಟ್ಟಿಗೆ ನಡೆಯುತ್ತಾರೆ. ಇದು ವೃಂದ ಅಲ್ಲದಿದ್ದರೆ ಇನ್ಯಾವುದು? ತೊಂದರೆ ಏನೆಂದರೆ ಪಕ್ಕವಾದ್ಯ ನುಡಿಸೋದನ್ನು ಯಾರೂ ತರಗತಿಯಲ್ಲಿ ಕಲಿಸುವುದಿಲ್ಲ. "ಕಛೇರಿ ಮಾಡ್ತಾ ಮಾಡ್ತಾ ಬರುತ್ತೆ" ಅಂತಾರೆ. ಬಂದವರಿಗೆ ಬಂತು. ಬಾರದವರು ಪರೀಕ್ಷೆ ಪಾಸಾಗಿ ಮನೆಯಲ್ಲಿ ಒಬ್ಬರೇ ನುಡಿಸಿಕೊಂಡಿದ್ದಾರೆ.

ಹಳೇ ರೇಡಿಯೋ
ಪಾಶ್ಚಾತ್ಯರ ನಕಲು ಅನ್ನುವುದು ಅರ್ಧ ಮಾತ್ರ ನಿಜ. ಆಕಾಶವಾಣಿ 1952ರಲ್ಲೇ ವಾದ್ಯವೃಂದ ಶುರು ಮಾಡಿತು, ಸಿತಾರ್ ವಾದಕ ರವಿಶಂಕರ್ ಅದನ್ನು ನಡೆಸಿದರು. ನಮ್ಮ ವಾದ್ಯಗಳಿಗೆ ವೃಂದ ಅಂತ ಆದದ್ದು ಅಲ್ಲಿಂದಲೇ.

ಸರೋದಿಗ
ಅಲ್ಲಿಂದಲೇ ಅಲ್ಲ ಸರ್, ಇನ್ನೂ ಹಿಂದೆ ಹೋಗಬೇಕು. ರವಿಶಂಕರ್ ಅವರ ಗುರು ಅಲ್ಲಾವುದ್ದೀನ್ ಖಾನ್ 1918ರ ಸುಮಾರಿಗೇ ಈಗಿನ ಮಧ್ಯಪ್ರದೇಶದ ಮೈಹರ್‌ನಲ್ಲಿ ಬ್ಯಾಂಡ್ ಕಟ್ಟಿದ್ದರು. ಸಾಂಕ್ರಾಮಿಕ ರೋಗದಲ್ಲಿ ಅನಾಥರಾದ ಮಕ್ಕಳಿಗೆ ಪಾಠ ಹೇಳಿ ಕಟ್ಟಿದ ವೃಂದ ಅದು. ಬಂದೂಕಿನ ನಳಿಗೆಗಳನ್ನು ಕತ್ತರಿಸಿ ನಳತರಂಗ ಅಂತ ವಾದ್ಯವನ್ನೇ ಮಾಡಿದರು. ಈ ಚರ್ಚೆಗೆ ಮುಖ್ಯವಾದದ್ದು ಇದು: ಒಂಟಿ ವಾದಕರಾಗಿ ತಯಾರಾದ ಮೇಲೆ ಅವರನ್ನು ಗುಂಪಿಗೆ ತಂದಿದ್ದಲ್ಲ, ಗುಂಪಿನಲ್ಲೇ ಕಲಿಸಿದ್ದು.

ಹಳೇ ರೇಡಿಯೋ
ಒಪ್ಪಿದೆ. ರೇಡಿಯೋದವರು ಎರಡನೆಯವರು ಅಂತ ಇಟ್ಟುಕೊಳ್ಳಿ.

ಮೃದಂಗದ ಅಮ್ಮ
ನನ್ನ ಮಗ ಮೃದಂಗ ಕಲಿಯುತ್ತಾನೆ. ವೃಂದದ ಅಭ್ಯಾಸಕ್ಕೆ ಹೋದರೆ ಅವನಿಗೆ ಸಿಗುವ ಪಾಠ "ಫಾಲೋ ಮಾಡು" ಅಷ್ಟೇ. ಪಿಟೀಲಿನ ಮಕ್ಕಳಿಗೆ ಸ್ವರ ಬರೆದುಕೊಡುತ್ತಾರೆ, ಕೊಳಲಿನವರಿಗೂ ಕೊಡುತ್ತಾರೆ, ಇವನಿಗೆ ಏನೂ ಇಲ್ಲ. ಏನಾದರೂ ಎಡವಟ್ಟಾದರೆ ಮೊದಲು ತಿರುಗಿ ನೋಡೋದು ಇವನನ್ನೇ.

ತಕದಿಮಿ
ಅಮ್ಮಾ, ಇದು ಎಲ್ಲಾ ಕಡೆ ಇರುವ ರೋಗ. ಎಡವಟ್ಟಾದರೆ ಮೃದಂಗದ ಮೇಲೆ ಹಾಕಿದರೆ ಆಯಿತು!

ನಿಮ್ಮ ಮಗನ ಮೇಷ್ಟ್ರಿಗೆ ಹೀಗೆ ಹೇಳಿ ನೋಡಿ. ಒಂದು, ಅವನಿಗೂ ವರ್ಣ ಹಾಡೋಕೆ ಬರಬೇಕು. ರಾಗ ಚೆನ್ನಾಗಿ ಬಾರದಿದ್ದರೂ ಪರವಾಗಿಲ್ಲ, ಸ್ವರ ಬಾಯಿಗೆ ಬರಲಿ. ಹಾಡಲು ಬಾರದ್ದಕ್ಕೆ ನುಡಿಸೋದು ಅಂದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಎರಡು, ಶುರುವಿನಲ್ಲಿ ಬರೀ ಸರ್ವಲಘು (ತಾಳದ ಸರಳ ನಡೆ) ಸಾಕು. ಮೋರಾ, ಕೋರ್ವೆ (ಮುಕ್ತಾಯದ ಲೆಕ್ಕದ ಜತಿಗಳು) ಎಲ್ಲಾ ಕೊನೆಗೆ ಒಂದೇ ಕಡೆ, ಎಲ್ಲರಿಗೂ ಮೊದಲೇ ಗೊತ್ತಿರುವ ಹಾಗೆ. ಮೂರನೆಯದು ಬಹಳ ಜನ ಬಿಡುವುದು. ಅವನು ಎಲ್ಲಿ ನುಡಿಸಬಾರದು ಅನ್ನೋದನ್ನೂ ಗುರುತು ಮಾಡಿಕೊಡಬೇಕು. ಅನುಪಲ್ಲವಿಯ ಮೊದಲ ಅರ್ಧ ವೀಣೆ ಒಂದೇ ಬಂದರೆ ಅಲ್ಲಿ ಮೃದಂಗ ಸುಮ್ಮನಿರಲಿ. ಆಗ ಉಳಿದ ಮಕ್ಕಳಿಗೂ ತಾಳವನ್ನು ಮೃದಂಗದ ಮೇಲೆ ಹೊರಿಸುವ ಅಭ್ಯಾಸ ತಪ್ಪುತ್ತದೆ.

ಮೃದಂಗದ ಅಮ್ಮ
ತುಂಬಾ ಥ್ಯಾಂಕ್ಸ್ ಸರ್. ಇದನ್ನು ಹಾಗೇ ಕಳಿಸುತ್ತೇನೆ.

ನಾಲ್ಕನೇ ಕುರ್ಚಿ
ನಾನು ಪಾಶ್ಚಾತ್ಯ ಪಿಟೀಲಿನವನು, ಎರಡನೇ ಸಾಲಿನಲ್ಲಿ ಕೂರುವವನು. ನಮ್ಮಲ್ಲಿ ಶುರು ಮಾಡೋದನ್ನೇ ಒಂದು ಪಾಠವಾಗಿ ಕಲಿಸುತ್ತಾರೆ. ನಾಲ್ವರ ಗುಂಪಿನಲ್ಲಿ ತಾಳ ಹಾಕುವವರು ಯಾರೂ ಇರುವುದಿಲ್ಲ. ಮೊದಲ ಪಿಟೀಲಿನವರು ಒಂದು ಅಕ್ಷರ ಮುಂಚೆ ಮೂಗಿನಲ್ಲಿ ಉಸಿರೆಳೆದು ಬೋ (ಪಿಟೀಲಿನ ಬಿಲ್ಲು) ಎತ್ತುತ್ತಾರೆ. ಆ ಉಸಿರು ಎಷ್ಟು ಉದ್ದವೋ ಅದೇ ಕಾಲಪ್ರಮಾಣ. ಗಡಿಬಿಡಿಯಲ್ಲಿ ಎಳೆದರೆ ಗಡಿಬಿಡಿಯ ಶುರು.

ಮಕ್ಕಳಿಗೆ ಇದನ್ನು ಸರದಿಯಲ್ಲಿ ಕೊಡಿ. ಒಂದೊಂದು ದಿನ ಒಬ್ಬೊಬ್ಬರು ಶುರು ಮಾಡಿಸಬೇಕು, ಮಾತಿಲ್ಲದೆ. ಬೋ ದಿಕ್ಕನ್ನೂ ಒಂದೇ ಮಾಡಿ. ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅಂತ ಸ್ವರದ ಮೇಲೆ ಗುರುತು ಹಾಕಿ. ಬೋ ಒಂದೇ ಆದರೆ ಸ್ವರದ ಒತ್ತು ಒಂದೇ ಆಗುತ್ತದೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೇಸೂರ
ಬೋ ಎಲ್ಲಾ ಒಂದೇ ಕಡೆ ಹೋದರೆ ಕವಾಯತು ಆಗುತ್ತದೆ, ಸಂಗೀತ ಆಗುವುದಿಲ್ಲ.

ನಾಲ್ಕನೇ ಕುರ್ಚಿ
ಕವಾಯತು ಬಾರದವರು ಒಟ್ಟಿಗೆ ನಡೆದು ತೋರಿಸಲಿ ನೋಡೋಣ.

ಲಯಪ್ರಿಯ
ಹಾಗಾದರೆ ಮುಂದೆ ನಿಂತು ಕೋಲು ಆಡಿಸುವವರು ಬೇಡವೇ ಬೇಡ ಅಂತೀರಾ?

ನಾಲ್ಕನೇ ಕುರ್ಚಿ
ದೊಡ್ಡ ಗುಂಪಿಗೆ ಬೇಕಾಗಬಹುದು. ಆದರೂ ನ್ಯೂಯಾರ್ಕ್‌ನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ಕಂಡಕ್ಟರ್ ಇಲ್ಲದೇ ನುಡಿಸುತ್ತಿದೆ. ಒಂದೊಂದು ಕೃತಿಗೆ ಮುಂದಾಳು ಬದಲಾಗುತ್ತಾರೆ. ಮೊದಲು ಒಂದು ಚಿಕ್ಕ ತಂಡ ಕೂತು ಹೇಗೆ ನುಡಿಸಬೇಕು ಅಂತ ಯೋಚಿಸುತ್ತದೆ, ಆಮೇಲೆ ಉಳಿದವರ ಜೊತೆ ಚರ್ಚೆ.

ಸರೋದಿಗ
ಕೋಲು ಅಂದಾಗ ನೆನಪಾಯಿತು. ಫ್ರಾನ್ಸ್‌ನ ಲುಲ್ಲಿ ಅನ್ನುವ ಸಂಗೀತಗಾರ ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ತಾಳ ತೋರಿಸುತ್ತಿದ್ದ. ಒಂದು ದಿನ ತನ್ನ ಕಾಲಿಗೇ ಕುಟ್ಟಿಕೊಂಡ, ಗಾಯ ಕೊಳೆಯಿತು. ಕಾಲು ತೆಗೆಸಲು ಒಪ್ಪಲಿಲ್ಲ. 1687ರಲ್ಲಿ ಸತ್ತೇ ಹೋದ.

ಕೊಳಲುಕಿಂಡಿ
ಜೋರಾಗಿ ತಾಳ ಹಾಕುವ ಮೇಷ್ಟ್ರುಗಳು ಗಮನಿಸಿ 😄

ಸಪಸಪ
ಕೈಯಲ್ಲೇ ಹಾಕುತ್ತೇನೆ, ಕೋಲು ಇಲ್ಲ!

ಮೌನದ ಆವರ್ತ ಮಾಡಿಸಿದೆ. ತಕದಿಮಿ ಅವರು ಹೇಳಿದ ಹಾಗೇ ಆಯಿತು, ನಕ್ಕು ನಕ್ಕು ಸಾಕಾಯಿತು. ಆದರೆ ಓಟ ನಿಜವಾಗಲೂ ಕಡಿಮೆಯಾಗಿದೆ. ಓಟ ಕಡಿಮೆಯಾದ ಮೇಲೆ ಇನ್ನೊಂದು ರೋಗ ಕಾಣಿಸುತ್ತಿದೆ. ಶ್ರುತಿ. ಶುರುವಿನಲ್ಲಿ ಎಲ್ಲಾ ಸೇರಿಸಿಕೊಂಡು ಕೂತರೂ ಅರ್ಧ ಗಂಟೆಯಲ್ಲಿ ಕೊಳಲು ಒಂದು ಕಡೆ, ತಂತಿ ವಾದ್ಯ ಇನ್ನೊಂದು ಕಡೆ. ಕೀಬೋರ್ಡ್ ಜೊತೆ ಗಾಂಧಾರ ಯಾವತ್ತೂ ಕೂಡುವುದೇ ಇಲ್ಲ.

ಕೊಳಲುಕಿಂಡಿ
ಕೊಳಲು ಬಿಸಿಯಾದರೆ ಶ್ರುತಿ ಏರುತ್ತದೆ. ತಂತಿ ಬಿಸಿಯಾದರೆ ಇಳಿಯುತ್ತದೆ. ಒಂದೇ ಕೋಣೆ, ಒಂದೇ ಸೆಕೆ, ಎರಡು ದಿಕ್ಕು. ಆದ್ದರಿಂದ ತಣ್ಣಗಿನ ಕೊಳಲಿಗೆ ಯಾವತ್ತೂ ಶ್ರುತಿ ಕೂಡಿಸಬೇಡಿ. ಕೊಳಲಿನವರು ಮೊದಲು ಸ್ವಲ್ಪ ಹೊತ್ತು ಊದಿ ಬಿಸಿ ಮಾಡಿಕೊಳ್ಳಲಿ, ಆಮೇಲೆ ಅವರ ಷಡ್ಜಕ್ಕೆ ತಂಬೂರಿ, ತಂಬೂರಿಗೆ ವೀಣೆ, ಪಿಟೀಲು, ಕೊನೆಗೆ ಮೃದಂಗ. ಬದಲಾಯಿಸೋಕೆ ಕಷ್ಟವಾದದ್ದು ಮೊದಲು, ಸುಲಭವಾದದ್ದು ಆಮೇಲೆ. ನಡುವೆ ಒಂದು ಸಲ ನಿಲ್ಲಿಸಿ ಮತ್ತೆ ನೋಡಿಕೊಳ್ಳಿ.

ಎಲ್ಲರೂ ಒಂದೇ ಸಲ ಶ್ರುತಿ ಮಾಡಿಕೊಳ್ಳುವ ಗಲಾಟೆ ಇದೆಯಲ್ಲ, ಅದನ್ನು ಮೊದಲು ನಿಲ್ಲಿಸಬೇಕು. ಒಬ್ಬರು ಮಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. "ಏರಿದೆಯಾ, ಇಳಿದಿದೆಯಾ?" ಅಂತ ಆ ಉಳಿದವರನ್ನೇ ಕೇಳಿ.

ಲಯಪ್ರಿಯ
ಕೀಬೋರ್ಡ್‌ಗೂ ಕೊಳಲಿಗೂ ಹೊಂದಿಸಬೇಕಲ್ಲ. ಕೀಬೋರ್ಡ್ ಬದಲಾಗೋದೇ ಇಲ್ಲ, ಅದೇ ಮೊದಲು ಬರಬೇಕು ನಿಮ್ಮ ಲೆಕ್ಕದಲ್ಲಿ.

ಡೆಸಿಬಲ್ ದಾಸ
ಬದಲಾಗುತ್ತದೆ ಸರ್. ಒಳಗೆ ಟ್ಯೂನಿಂಗ್ ಅಂತ ಸೆಟ್ಟಿಂಗ್ ಇರುತ್ತದೆ, 440 ಹರ್ಟ್ಸ್‌ನಿಂದ ಮೇಲೆ ಕೆಳಗೆ ಮಾಡಬಹುದು. ಆದರೆ ಗಾಂಧಾರದ ಜಗಳಕ್ಕೆ ಕಾರಣ ಬೇರೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ಸ್ (ಸ್ವರಗಳ ನಡುವಿನ ದೂರ ಅಳೆಯುವ ಮಾನ). ಕೀಬೋರ್ಡ್‌ನಲ್ಲಿ ಅದು 400. ಆ 14 ಸೆಂಟ್ಸ್ ಹೆಚ್ಚುವರಿಯನ್ನು ಒಳ್ಳೆ ಕಿವಿ ಸಹಿಸುವುದಿಲ್ಲ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್ಸ್, ಅದು ಗೊತ್ತೇ ಆಗುವುದಿಲ್ಲ. ಕೀಬೋರ್ಡ್ ಹುಡುಗನಿಗೆ ಷಡ್ಜ ಪಂಚಮ ಜಾಸ್ತಿ ಕೊಡಿ. ಉದ್ದ ನಿಲ್ಲುವ ಗಾಂಧಾರವನ್ನು ಪಿಟೀಲಿಗೆ ಬಿಡಿ.

ಇಪ್ಪತ್ನಾಲ್ಕು ಮೆಟ್ಟಿಲು
ಗಮಕದ ವಿಷಯ ಯಾರೂ ಮಾತಾಡಲಿಲ್ಲ. ಒಂದೇ ವರ್ಣವನ್ನು ಇಬ್ಬರು ಗುರುಗಳ ಮಕ್ಕಳು ನುಡಿಸಿದರೆ ಕಂಪಿತ (ಸ್ವರ ನಡುಗಿಸುವ ಗಮಕ) ಬೇರೆ ಬೇರೆ ಆಗುತ್ತದೆ. ಶ್ರುತಿ ಸರಿ, ತಾಳ ಸರಿ, ಆದರೂ ಕಲಸುಮೇಲೋಗರ.

ಮಂದ್ರಪಂಚಮ
ಮೊದಲು ಎಲ್ಲರೂ ಹಾಡಬೇಕು. ವಾದ್ಯ ಕೆಳಗಿಡಿಸಿ. ಒಬ್ಬರು ಹಾಡಿ, ಉಳಿದವರು ಹಾಗೇ ಹಾಡಿ, ಆಮೇಲೆ ವಾದ್ಯಕ್ಕೆ ತನ್ನಿ. ಕಂಠದಲ್ಲಿ ಒಂದಾದರೆ ಬೆರಳಿನಲ್ಲಿ ಒಂದಾಗುವುದು ಕಷ್ಟ ಅಲ್ಲ. ಆದರೂ ಹೊಸ ವೃಂದಕ್ಕೆ ವರ್ಣವೇ ಯಾಕೆ ಅಂತ ನನ್ನ ತಕರಾರು. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ತಗೊಳ್ಳಿ. ಶಂಕರಾಭರಣದ ಸ್ವರಗಳು, ಗಮಕ ತೀರಾ ಕಡಿಮೆ, ಚಿಕ್ಕದು. ಮಕ್ಕಳ ತಲೆ ಪೂರ್ತಿ ಕೈಬೆರಳಿನಲ್ಲಿ ಸಿಕ್ಕಿಹಾಕಿಕೊಂಡಿರುವಾಗ ಕಿವಿಗೆ ಏನು ಉಳಿಯುತ್ತದೆ? ನುಡಿಸೋಕೆ ತೀರಾ ಸುಲಭ ಅನ್ನಿಸುವುದನ್ನೇ ಕೊಡಬೇಕು, ಆಗಲೇ ಪಕ್ಕದವರು ಕೇಳಿಸುತ್ತಾರೆ.

ಬೇಸೂರ
ನೊಟ್ಟುಸ್ವರ ಬ್ಯಾಂಡಿನ ಮಟ್ಟು. ದೀಕ್ಷಿತರು ಬ್ರಿಟಿಷರ ಬ್ಯಾಂಡ್ ಕೇಳಿ ಸಾಹಿತ್ಯ ಹಾಕಿದ್ದು.

ಮಂದ್ರಪಂಚಮ
ಅದಕ್ಕೇ ಹೇಳಿದ್ದು. ಗುಂಪಿಗೆ ಹುಟ್ಟಿದ ಮಟ್ಟು ಗುಂಪಿಗೆ ಒಗ್ಗುತ್ತದೆ. ಶುರುವಿಗೆ ಅದು ಸಾಕು, ಅಲ್ಲೇ ನಿಲ್ಲಿ ಅಂತ ನಾನು ಹೇಳಲಿಲ್ಲ.

ಸಪಸಪ
ಸುಲಭದ್ದು ಕೊಟ್ಟರೆ ಮುಂದಿರುವ ಮಕ್ಕಳಿಗೆ ಬೇಸರ. ಕಷ್ಟದ್ದು ಕೊಟ್ಟರೆ ಸಣ್ಣವರು ಬಿಲ್ಲು ಆಡಿಸಿಕೊಂಡು ನಟನೆ ಮಾಡುತ್ತಾರೆ. ಮೇಲಿಂದ ಹೆತ್ತವರು, "ನಮ್ಮ ಮಗು ಯಾಕೆ ಹಿಂದೆ ಕೂತಿದೆ?"

ನಾಲ್ಕನೇ ಕುರ್ಚಿ
ಒಂದೇ ಕೃತಿಯಲ್ಲಿ ಬೇರೆ ಬೇರೆ ಪಾಲು ಮಾಡಿ. ಸಣ್ಣವರಿಗೆ ಪ್ರತಿ ಅಕ್ಷರದ ಮೊದಲ ಸ್ವರ ಮಾತ್ರ. ಇನ್ನೂ ಸಣ್ಣವರಿಗೆ ಸಮದಲ್ಲಿ ಷಡ್ಜ, ದ್ರುತದಲ್ಲಿ (ಆದಿತಾಳದ ಕೊನೆಯ ಎರಡೆರಡು ಅಕ್ಷರದ ತುಂಡುಗಳಲ್ಲಿ) ಪಂಚಮ. ದೊಡ್ಡವರಿಗೆ ಪೂರ್ತಿ. ಎಲ್ಲರದ್ದೂ ನಿಜವಾದ ನುಡಿಸಾಣಿಕೆ, ಯಾರದ್ದೂ ನಟನೆ ಅಲ್ಲ. ಕುರ್ಚಿಗಳನ್ನು ಪ್ರತಿ ಕೃತಿಗೆ ಬದಲಾಯಿಸಿ, ಹೆತ್ತವರ ಬಾಯಿ ಮುಚ್ಚುತ್ತದೆ.

ಸರೋದಿಗ
ಇಂಡೋನೇಷ್ಯಾದ ಜಾವಾದ ಗಮೆಲಾನ್ ವಾದ್ಯವೃಂದದಲ್ಲಿ ಇದೇ ಕ್ರಮ. ಕೆಲವು ವಾದ್ಯ ಮೂಲ ಸ್ವರ ಹಿಡಿಯುತ್ತವೆ, ಕೆಲವು ಅದನ್ನು ತುಂಬಿಸುತ್ತವೆ, ದೊಡ್ಡ ಗಾಂಗ್ ಆವರ್ತದ ಕೊನೆಗೆ ಒಂದೇ ಪೆಟ್ಟು. ಕಲಿಯುವವರು ಹಲವು ವಾದ್ಯ ಕಲಿಯುತ್ತಾರೆ, ಹಾಗಾಗಿ ಬೇರೆಯವರ ಪಾಲು ಗೊತ್ತಿರುತ್ತದೆ. ನಿಮ್ಮ ಮಕ್ಕಳಿಗೆ ವಾದ್ಯ ಬದಲಾಯಿಸೋಕಾಗದಿದ್ದರೂ ಬೇರೆಯವರ ಪಾಲನ್ನು ಹಾಡಿಸಬಹುದು.

ಬೇಸೂರ
ಷಡ್ಜ ಪಂಚಮ ಸರಿ. ಆಮೇಲೆ "ಚೆನ್ನಾಗಿ ಕೇಳಿಸುತ್ತೆ" ಅಂತ ಕೀಬೋರ್ಡ್‌ನಲ್ಲಿ ಕಾರ್ಡ್ (ಹಲವು ಸ್ವರ ಒಟ್ಟಿಗೆ ಒತ್ತುವುದು) ಹಾಕೋಕೆ ಶುರು ಮಾಡುತ್ತಾರೆ. ತೋಡಿ ರಾಗಕ್ಕೆ ಕಾರ್ಡ್ ಹಾಕಿದ್ದನ್ನು ಕೇಳಿದ್ದೇನೆ. ರಾತ್ರಿ ನಿದ್ದೆ ಬರಲಿಲ್ಲ.

ಮಂದ್ರಪಂಚಮ
ಇಲ್ಲಿ ಬೇಸೂರ ಅವರ ಜೊತೆ ಪೂರ್ತಿ ಒಪ್ಪುತ್ತೇನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ ಯಾರಾದರೂ.

ಕೊಳಲುಕಿಂಡಿ
ಇನ್ನೊಂದು ಆಟ ಹೇಳುತ್ತೇನೆ. ಎಲ್ಲರೂ ನುಡಿಸುತ್ತಿರುವಾಗ ಮೇಷ್ಟ್ರು ಒಬ್ಬರ ಭುಜ ಮುಟ್ಟಿದರೆ ಅವರು ನಿಲ್ಲಿಸಬೇಕು. ಮತ್ತೆ ಮುಟ್ಟಿದಾಗ ಆ ಜಾಗದಿಂದಲೇ ಸೇರಿಕೊಳ್ಳಬೇಕು. ಮಕ್ಕಳು ತಪ್ಪಿದರೆ ಮೊದಲಿನಿಂದ ಶುರು ಮಾಡೋದು ಪಾಠದ ಕೋಣೆಯ ಅಭ್ಯಾಸ. ವೃಂದದಲ್ಲಿ ಅದು ನಡೆಯುವುದಿಲ್ಲ. ಕಳೆದುಹೋಗಿ ಮತ್ತೆ ಸೇರಿಕೊಳ್ಳೋದೇ ಕಲಿಯಬೇಕಾದ ವಿದ್ಯೆ.

ಇಪ್ಪತ್ನಾಲ್ಕು ಮೆಟ್ಟಿಲು
ಇದು ನನಗೆ ಬೇಕಾಗಿತ್ತು. ಹಾಗಾದರೆ ವೇದಿಕೆ ಮೇಲೆ ತಂತಿ ಹರಿದರೆ?

ಕೊಳಲುಕಿಂಡಿ
ಏಳಬೇಡಿ, ಮುಖ ಸಿಂಡರಿಸಬೇಡಿ. ಉಳಿದ ತಂತಿಯಲ್ಲಿ ಸಿಗುವ ಸ್ವರ ನುಡಿಸಿ, ಸಿಗದಿದ್ದರೆ ತೊಡೆ ಮೇಲೆ ತಾಳ ಹಾಕಿಕೊಂಡಿರಿ. ಕೃತಿ ಮುಗಿದ ಮೇಲೆ ತಂತಿ ಬದಲಾಯಿಸಿ. ಇದನ್ನೂ ಅಭ್ಯಾಸದಲ್ಲಿ ಒಂದು ಸಲ ಮಾಡಿಸಿ ನೋಡಿ, "ಈಗ ನಿನ್ನ ಮೇಲಿನ ತಂತಿ ಇಲ್ಲ ಅಂದುಕೋ" ಅಂತ.

ಮೃದಂಗದ ಅಮ್ಮ
ಮೃದಂಗದ ಮುಚ್ಚಿಗೆ (ಚರ್ಮದ ಹೊದಿಕೆ) ಹರಿದರೆ?

ತಕದಿಮಿ
ಇನ್ನೊಂದು ಮೃದಂಗವನ್ನು ಅದೇ ಶ್ರುತಿಗೆ ಕೂಡಿಸಿ ಪಕ್ಕದಲ್ಲೇ ಇಟ್ಟುಕೊಂಡಿರಬೇಕು ಅಮ್ಮಾ. ಅವನು ಬದಲಾಯಿಸಿಕೊಳ್ಳುವವರೆಗೆ ಉಳಿದವರು ನಿಲ್ಲಿಸದೇ ನುಡಿಸಲಿ. ಮೌನದ ಆವರ್ತ ಕಲಿತ ಮಕ್ಕಳಿಗೆ ಅದೇನೂ ಕಷ್ಟ ಆಗುವುದಿಲ್ಲ.